ಹೋಗಲಾಗದವಳ ಲೆಕ್ಕ

ಬಿ.ಕಾಂ., ಬಿ.ಬಿ.ಎ. ಓದುವ ಮಕ್ಕಳನ್ನು ಪದವಿಯ ನಡುವೆ ಕೆಲವು ವಾರ ಕಂಪನಿಗೋ ಬ್ಯಾಂಕಿಗೋ ಕಳುಹಿಸುವ ಪದ್ಧತಿ ನಮ್ಮ ಊರುಗಳಿಗೂ ಬಂದಿದೆ. ಇಂಟರ್ನ್‌ಶಿಪ್ ಎಂಬ ಮಾತು ಈಗ ಅಜ್ಜಿಯರ ಬಾಯಲ್ಲೂ ಸಲೀಸು. ಹೊಸದೇನಲ್ಲ ಇದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬುವರು 1906ರಲ್ಲೇ ಎಂಜಿನಿಯರಿಂಗ್ ಹುಡುಗರನ್ನು ಸರದಿಯ ಮೇಲೆ ಕಾರ್ಖಾನೆಗೂ ತರಗತಿಗೂ ಕಳುಹಿಸಿದ್ದರು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಎರಡು ವರ್ಷ ಓದು, ಒಂದು ವರ್ಷ ಕೆಲಸ, ಮತ್ತೆ ಒಂದು ವರ್ಷ ಓದು. ಅದಕ್ಕೆ ಅವರಿಟ್ಟ ಹೆಸರು ಸ್ಯಾಂಡ್‌ವಿಚ್ ಪದವಿ! ನಾವಾಗಿದ್ದರೆ ಹೋಳಿಗೆ ಎನ್ನುತ್ತಿದ್ದೆವೇನೋ.

ಹಾಗೆ ಹೋಗಿಬಂದವರು ಕೊನೆಯ ವರ್ಷ ಹೆಚ್ಚು ಅಂಕ ತೆಗೆಯುತ್ತಾರೆಂದು ಅಲ್ಲಿನ ಹಲವು ಅಧ್ಯಯನಗಳು ಹೇಳುತ್ತವೆ. ನಂಬುವಂಥದ್ದೇ. ಲೆಕ್ಕ ತಪ್ಪಿದರೆ ಇನ್ನೊಬ್ಬರ ದುಡ್ಡು ಹೋಗುತ್ತದೆಂಬ ಭಯ ಒಮ್ಮೆ ಹೊಕ್ಕರೆ ಪುಸ್ತಕದ ಪುಟವೇ ಬೇರೆಯಾಗಿ ಕಾಣುತ್ತದೆ. ಆದರೆ ಹೋದದ್ದರಿಂದ ಜಾಣರಾದರೋ, ಜಾಣರೇ ಹೋದರೋ ಎಂದು ಸಂಶೋಧಕರೇ ಕೇಳಿದ್ದಾರೆ. ಕೆಲಸ ಕೊಡುವವರು ಅಂಕ ನೋಡಿಯೇ ಆರಿಸಿಕೊಳ್ಳುತ್ತಾರಲ್ಲ.

ನನ್ನನ್ನು ಕಾಡುವುದು ಬೇರೆ. ಹೋಗಲು ಯಾರಿಗೆ ಸಾಧ್ಯ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಕಾಂ. ಓದುತ್ತಾ ದಿನಾ ಸಂಜೆ ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದಳು. ಸಾಲದ ಚೀಟಿ, ಜಿ.ಎಸ್.ಟಿ. ಬಿಲ್ಲು, ರಾತ್ರಿ ಗಲ್ಲಾಪೆಟ್ಟಿಗೆಯ ಹಣ ತಾಳೆ ನೋಡುವುದು, ಎಲ್ಲ ಅವಳದೇ. ಕಾಲೇಜು ಗೊತ್ತು ಮಾಡಿದ್ದ ಇಂಟರ್ನ್‌ಶಿಪ್ ಬೆಂಗಳೂರಿನಲ್ಲಿ, ಆರು ವಾರ. ಸಂಬಳವಿಲ್ಲ, ಪಿ.ಜಿ. ಬಾಡಿಗೆ ಕೈಯಿಂದ. "ಅಷ್ಟು ದಿನ ಅಮ್ಮನ ಔಷಧಿಗೆ ಏನು ಮಾಡ್ಲಿ, ಟೀಚರ್?" ಎಂದಳು. ಹೆಣ್ಣುಮಗಳನ್ನು ಒಂಟಿಯಾಗಿ ಕಳುಹಿಸಲು ಮನೆಯವರು ಒಪ್ಪುತ್ತಿದ್ದರೇ, ಅದು ಇನ್ನೊಂದು ಕಥೆ. ಅವಳ ತರಗತಿಯ ಹುಡುಗನೊಬ್ಬ ಸೋದರಮಾವನ ಆಡಿಟರ್ ಕಚೇರಿಯಿಂದ ಸರ್ಟಿಫಿಕೇಟ್ ತಂದ. ಆ ಆರು ವಾರ ಅವನು ಕ್ರಿಕೆಟ್ ಆಡಿದ್ದನ್ನು ನಮ್ಮ ಬೀದಿಯೆಲ್ಲ ನೋಡಿದೆ. ಅವನಿಗೆ ಪೂರ್ತಿ ಅಂಕ. ಇವಳು ಯಾವುದೋ ಪ್ರಾಜೆಕ್ಟ್ ಬರೆದು ಅರ್ಧಕ್ಕೆ ಸುಮ್ಮನಾದಳು.

ಕಾಗದ ಕೇಳದಿದ್ದರೆ ಎಲ್ಲರೂ ಕೆಲಸ ಮಾಡಿದೆವೆಂದೇ ಹೇಳುತ್ತಾರೆ ಎಂದು ಅಲ್ಲಿನ ಅಧ್ಯಾಪಕರು ಹೇಳಿದರು. ನಿಜವೇ, ನಾನೂ ಮೂವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿದವಳು. ಆದರೂ ಹತ್ತು ನಿಮಿಷ ಎದುರಿಗೆ ಕೂರಿಸಿ, ಗಲ್ಲಾ ತಾಳೆಯಾಗದ ದಿನ ಏನು ಮಾಡಿದೆ ಎಂದು ಕೇಳಬಹುದಿತ್ತು. ಒಮ್ಮೆ 640 ರೂಪಾಯಿ ಕಡಿಮೆ ಬಂದಿತ್ತಂತೆ. ರಾತ್ರಿ ಒಂಬತ್ತೂವರೆಯವರೆಗೆ ಬಿಲ್ಲುಗಳನ್ನು ಒಂದೊಂದಾಗಿ ತಿರುವಿಹಾಕಿ ಹುಡುಕಿದಳಂತೆ. ಯಾರೋ ಹಿಂದಿರುಗಿಸಿದ್ದ ಸೀರೆಗೆ ಹಣ ಕೊಟ್ಟಿದ್ದರು, ಪುಸ್ತಕದಲ್ಲಿ ಬರೆದಿರಲಿಲ್ಲ.