ಕಾಚಂಪುಳಿಯ ಮಾತ್ರೆ ಮತ್ತು ಆಪ್ತವಾಕ್ಯ

ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಗಳಲ್ಲೂ ಕಾಡಂಚಿನಲ್ಲೂ ಉದುರುವ ಹಣ್ಣನ್ನು ಆಯ್ದು, ರಸ ಬಸಿದು, ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿದರೆ ಕಾಚಂಪುಳಿಯಾಗುತ್ತದೆ. ಪಂದಿಕರಿಗೆ ಹುಳಿಯನ್ನೂ ಬಣ್ಣವನ್ನೂ ಕೊಡುವುದು ಅದೇ. ಮಲೆನಾಡಿನವರು ಉಪ್ಪಾಗೆ ಎಂದೂ ಕೇರಳದವರು ಕುಡಂಪುಳಿ ಎಂದೂ ಕರೆಯುವ ಅದೇ ಮರದ ಹಣ್ಣಿನ ಸಿಪ್ಪೆಯ ಸಾರ ಇಂದು ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ, ತೂಕ ಇಳಿಸುವ ಮಾತ್ರೆಯಾಗಿ ಜಗತ್ತಿನ ಎಲ್ಲೆಡೆ ಮಾರಾಟವಾಗುತ್ತಿದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಯುವಕರಿಗೂ ಅದು ಮೊಬೈಲಿನ ಜಾಹೀರಾತಿನಲ್ಲಿ ಕಾಣಿಸುತ್ತದೆ. ಇದನ್ನು ಆರೋಗ್ಯದ ಪ್ರಶ್ನೆ ಎಂದಷ್ಟೇ ತಿಳಿದರೆ ಸಾಲದು. ನಮ್ಮ ದರ್ಶನಗಳು ಸಾವಿರಾರು ವರ್ಷ ಚರ್ಚಿಸಿದ ಒಂದು ಪ್ರಶ್ನೆ ಇದರೊಳಗಿದೆ: ಕಣ್ಣಿಗೆ ಕಾಣದ ವಿಷಯದಲ್ಲಿ ಯಾರ ಮಾತು ಪ್ರಮಾಣ? ದೇಹದೊಳಗೆ ನಡೆಯುವುದು ನಮಗೆ ಕಾಣದು. ಆದ್ದರಿಂದ ಮಾತ್ರೆ ನುಂಗುವ ಪ್ರತಿಯೊಬ್ಬನೂ ಯಾರದೋ ಮಾತನ್ನು ನಂಬಿಯೇ ನುಂಗುತ್ತಾನೆ. ‘ಇಲ್ಲ’ ಎಂಬ ಉತ್ತರಕ್ಕೆ ಎಡೆಯೇ ಇಲ್ಲದ ಮಾತಿಗೆ ಶ್ರದ್ಧೆ ಸಲ್ಲದು ಎಂಬುದು ನನ್ನ ವಾದ. ಅಂಥ ಮಾತನ್ನು ಸಂಶಯದಿಂದ ನೋಡುವುದು ಅಶ್ರದ್ಧೆಯಲ್ಲ, ಅದು ಶ್ರದ್ಧೆಗೆ ನಾವು ಸಲ್ಲಿಸಬೇಕಾದ ಮರ್ಯಾದೆ.

ಈ ಮಾತ್ರೆಯ ಕಥೆ ಆರಂಭವಾಗುವುದು ಕೊಡಗಿನ ನೆರೆಯಲ್ಲೇ. ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಸಕ್ಕರೆಯಂಶದಿಂದ ಕೊಬ್ಬು ಕಟ್ಟುವ ಕೆಲಸದಲ್ಲಿ ದೇಹಕ್ಕೆ ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂಬುದು 1969ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಮುಂದೆ 1970ರ ದಶಕದಲ್ಲಿ ಇಲಿಗಳಿಗೆ ಇದನ್ನು ಕೊಟ್ಟಾಗ ಅವು ಕಡಿಮೆ ತಿಂದವು, ಅವುಗಳ ತೂಕ ಕಡಿಮೆ ಏರಿತು. ಇಷ್ಟೂ ನಿಜ. ಆದರೆ ಇಲ್ಲಿಂದ ‘ಮನುಷ್ಯನೂ ತೆಳ್ಳಗಾಗುತ್ತಾನೆ’ ಎಂಬಲ್ಲಿಗೆ ಹಾರಿದ್ದು ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕ. ಹೇತುವಿಗೂ (ತೋರಿಸುವ ಕಾರಣಕ್ಕೂ) ಸಾಧ್ಯಕ್ಕೂ (ಅದರಿಂದ ಸಾಧಿಸಬೇಕಾದದ್ದಕ್ಕೂ) ಎಲ್ಲೆಡೆ ತಪ್ಪದ ಸಂಬಂಧವಿದ್ದರೆ ಮಾತ್ರ ಅನುಮಾನ ನಿಲ್ಲುತ್ತದೆ ಎಂದು ನಮ್ಮ ತಾರ್ಕಿಕರು ಪಟ್ಟುಹಿಡಿದಿದ್ದರು, ಅದನ್ನೇ ವ್ಯಾಪ್ತಿ ಎಂದರು. ಇಲ್ಲಿ ಆ ವ್ಯಾಪ್ತಿ ಮುರಿದಿದೆ. ಸಾಧಾರಣ ಊಟ ಮಾಡುವ ಮನುಷ್ಯನ ಮೈಯಲ್ಲಿ ಸೇರುವ ಕೊಬ್ಬಿನ ಬಹುಪಾಲು ಊಟದ ಕೊಬ್ಬಿನಿಂದಲೇ ಬರುತ್ತದೆ. ಅನ್ನ, ಸಕ್ಕರೆಗಳನ್ನು ಹೊಸದಾಗಿ ಕೊಬ್ಬಾಗಿಸುವ ದಾರಿ ಅವನಲ್ಲಿ ಕಿರಿದು, ಇಲಿಯಲ್ಲಿ ಅಗಲ. ಕಿರಿದಾದ ದಾರಿಗೆ ಅಡ್ಡಗಟ್ಟಿದರೆ ಸಿಗುವ ಫಲವೂ ಕಿರಿದೇ.

ತರ್ಕವನ್ನು ಬದಿಗಿಟ್ಟು ಪರೀಕ್ಷೆಯನ್ನೇ ನೋಡೋಣ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೊಜ್ಜಿನ ತೊಂದರೆಯಿದ್ದ 135 ಮಂದಿ ಸೇರಿದ್ದರು. 12 ವಾರ ಎಲ್ಲರಿಗೂ ನಾರು ಹೆಚ್ಚಿರುವ ಮಿತವಾದ ಊಟ. ಅವರಲ್ಲಿ ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಇನ್ನೊಂದು ಗುಂಪಿಗೆ ಸತ್ವವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ. ಕೊನೆಗೆ ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದಿದ್ದರು, ಹುಸಿಮಾತ್ರೆಯವರು 4.1 ಕಿಲೋ. ಎರಡರ ನಡುವಿನ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2011ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಸುಮಾರು 0.88 ಕಿಲೋದಷ್ಟು ಅನುಕೂಲ ಕಂಡಿತು. ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳನ್ನಷ್ಟೇ ಉಳಿಸಿಕೊಂಡಾಗ ಅದೂ ನಿಲ್ಲಲಿಲ್ಲ. ಪರೀಕ್ಷೆ ಬಿಗಿಯಾದಷ್ಟೂ ಫಲ ಕರಗಿದರೆ, ಮೊದಲು ಕಂಡ ಫಲ ಮಾತ್ರೆಯದಲ್ಲ, ಪರೀಕ್ಷೆಯ ಸಡಿಲಿಕೆಯದು ಎಂದೇ ತಿಳಿಯಬೇಕು.

‘ನಾನೇ ತೆಗೆದುಕೊಂಡು ಇಳಿದಿದ್ದೇನೆ, ಪ್ರತ್ಯಕ್ಷಕ್ಕಿಂತ ಮೇಲಿನ ಪ್ರಮಾಣ ಯಾವುದು?’ ಎಂದು ಹೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಮಾತನ್ನು ಗೌರವದಿಂದಲೇ ಎದುರುಗೊಳ್ಳಬೇಕು. ಆದರೆ ಅವರಿಗೆ ಪ್ರತ್ಯಕ್ಷವಾದದ್ದು ತಕ್ಕಡಿಯ ಮುಳ್ಳು ಇಳಿದದ್ದು ಮಾತ್ರ. ಅದನ್ನು ಇಳಿಸಿದ್ದು ಯಾವುದೆಂಬುದು ಅವರಿಗೂ ಪ್ರತ್ಯಕ್ಷವಲ್ಲ. ಚರಕಸಂಹಿತೆ ಇದನ್ನು ಚೆನ್ನಾಗಿ ಅರಿತಿತ್ತು. ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಯುಕ್ತಿಯನ್ನೂ ಪರೀಕ್ಷೆಯ ಒಂದು ಬಗೆಯಾಗಿ ಎಣಿಸುತ್ತದೆ. ನೀರು, ಉಳುಮೆ, ಬೀಜ, ಋತು ಎಲ್ಲ ಕೂಡಿದಾಗ ಪೈರು ಬರುವಂತೆ, ಅನೇಕ ಕಾರಣಗಳು ಸೇರಿ ಒಂದು ಫಲವಾಗುವುದನ್ನು ಕಾಣುವ ಬುದ್ಧಿಯೇ ಯುಕ್ತಿ. ತೂಕ ಇಳಿಸಲು ಹೊರಟವನು ಮಾತ್ರೆಯನ್ನಷ್ಟೇ ನುಂಗುವುದಿಲ್ಲ. ಅಂದಿನಿಂದ ರಾತ್ರಿಯ ಊಟ ಕಡಿಮೆ ಮಾಡುತ್ತಾನೆ, ಬೆಳಿಗ್ಗೆ ನಡೆಯುತ್ತಾನೆ, ಕರಿದ ತಿಂಡಿ ಬಿಡುತ್ತಾನೆ. ಫಲ ಯಾವ ಕಾರಣದ್ದೆಂದು ತಿಳಿಯಬೇಕಾದರೆ ಉಳಿದೆಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ತೆಗೆದು ನೋಡಬೇಕು. ಹುಸಿಮಾತ್ರೆಯ ಗುಂಪು ಮಾಡಿದ್ದು ಅದನ್ನೇ. ಆ ಗುಂಪೂ ನಾಲ್ಕು ಕಿಲೋ ಇಳಿಯಿತು ಎಂಬುದನ್ನು ಮರೆಯಬಾರದು. ಬಾಟಲಿ ತನ್ನದೆಂದು ಹೇಳಿಕೊಳ್ಳುವ ಫಲ ನಿಜಕ್ಕೂ ಆ ಮನುಷ್ಯನ ಸಂಯಮದ ಫಲ.

ಇನ್ನು ಆಪ್ತವಾಕ್ಯದ ಮಾತು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ ಎರಡು ಗುಣ ಹೇಳುತ್ತಾನೆ: ವಿಷಯವನ್ನು ಸಾಕ್ಷಾತ್ ಬಲ್ಲವನಾಗಿರಬೇಕು, ಬಲ್ಲದ್ದನ್ನು ಬಲ್ಲಂತೆಯೇ ತಿಳಿಸುವ ಇಚ್ಛೆಯುಳ್ಳವನಾಗಿರಬೇಕು. ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಎಲ್ಲರಿಗೂ ಲಕ್ಷಣ ಇದೊಂದೇ ಎಂದೂ ಸೇರಿಸುತ್ತಾನೆ. ಮೊದಲ ಗುಣವಷ್ಟೇ ಇದ್ದರೆ ಸಾಲದು. ಹೃದ್ರೋಗದ ಶಸ್ತ್ರವೈದ್ಯ ಮೆಹ್ಮೆತ್ ಓಝ್ 2012ರಲ್ಲಿ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಇದೇ ಗಾರ್ಸೀನಿಯಾವನ್ನು ಕೊಂಡಾಡಿದರು. 2014ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಅವರನ್ನು ಕೂರಿಸಿ ಇಂಥ ಮಾತುಗಳಿಗಾಗಿ ಪ್ರಶ್ನಿಸಿತು. ವಿದ್ಯೆಯೊಂದೇ ಆಪ್ತತ್ವವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಎರಡನೆಯ ಗುಣಕ್ಕೆ ಬಾಟಲಿಯ ಮೇಲಿನ ಚೀಟಿಯನ್ನು ಒರೆಗೆ ಹಚ್ಚೋಣ. ಕೇರಳದ ಆಸ್ಪತ್ರೆಯೊಂದರ ಯಕೃತ್ ತಜ್ಞರ ತಂಡ ಈ ಮಾತ್ರೆಯಂತೆಯೇ ಪೂರಕಗಳೆಂದು ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಹತ್ತರಲ್ಲಿ ಏಳರಷ್ಟು ಪುಡಿಗಳಲ್ಲಿ ಚೀಟಿ ಹೇಳಿದ ಪ್ರೋಟೀನಿಗೂ ಒಳಗಿದ್ದ ಪ್ರೋಟೀನಿಗೂ ತಾಳೆಯಾಗಲಿಲ್ಲ. ತನ್ನೊಳಗೆ ಏನಿದೆ ಎಂಬುದನ್ನೇ ಸರಿಯಾಗಿ ಹೇಳದ ಚೀಟಿ ನಮ್ಮೊಳಗೆ ಏನಾಗುತ್ತದೆ ಎಂದು ಹೇಳಿದರೆ ನಂಬುವುದು ಹೇಗೆ?

‘ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಇದೆಯಲ್ಲ, ಸರ್ಕಾರವೇ ಆಪ್ತನಲ್ಲವೇ?’ ಎಂಬ ಪ್ರಶ್ನೆ ಸಹಜ. ಆದರೆ ಆ ಪರವಾನಗಿ ಆಹಾರವನ್ನು ತಯಾರಿಸಲು, ಮಾರಲು ಕೊಟ್ಟದ್ದು. ಮಾತ್ರೆಯಿಂದ ತೂಕ ಇಳಿಯುತ್ತದೆಂದು ಕೊಟ್ಟ ಪ್ರಮಾಣಪತ್ರ ಅದಲ್ಲ. ಬೊಜ್ಜು ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ, ಅದರ ಅನುಸೂಚಿಯಲ್ಲಿ ಬೊಜ್ಜಿನ ಹೆಸರೂ ಇದೆ. ಔಷಧವೆಂದು ಮಾರಿದರೆ ಗುಣವನ್ನು ಸಾಬೀತು ಮಾಡಬೇಕಾಗುತ್ತದೆ, ಆದ್ದರಿಂದ ಅದನ್ನು ಆಹಾರವೆಂದು ಮಾರಲಾಗುತ್ತದೆ. ಆಹಾರವೆಂದು ಮಾರಿ ಔಷಧದ ಆಸೆ ಹುಟ್ಟಿಸುವುದು ಬಲ್ಲದ್ದನ್ನು ಬಲ್ಲಂತೆ ತಿಳಿಸುವ ಇಚ್ಛೆಯಲ್ಲ.

ಕೊಡಗಿನವರಿಗೆ ಹತ್ತಿರವಾದ ಆಕ್ಷೇಪ ಬೇರೊಂದಿದೆ. ‘ತಲೆಮಾರುಗಳಿಂದ ತಿಂದ ಹುಳಿ, ಒಳ್ಳೆಯದನ್ನು ಮಾಡದಿದ್ದರೂ ಕೆಟ್ಟದ್ದನ್ನಂತೂ ಮಾಡದು.’ ಅನುಭವದ ಈ ಸಾಕ್ಷ್ಯ ಹಗುರವಾದದ್ದಲ್ಲ. ಆದರೆ ಅದು ಯಾವುದಕ್ಕೆ ಸಾಕ್ಷ್ಯ? ಮನೆಮಂದಿಯೆಲ್ಲ ಉಣ್ಣುವ ಪಾತ್ರೆಗೆ ಹಾಕುವ ಒಂದೆರಡು ಚಮಚ ಕಾಚಂಪುಳಿಗೆ ಸಾಕ್ಷ್ಯ. ಸಾಂದ್ರಗೊಳಿಸಿದ ಸಾರವನ್ನು ಒಬ್ಬನೇ ಮನುಷ್ಯ ದಿನಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ನುಂಗುವುದನ್ನು ಯಾವ ತಲೆಮಾರೂ ಮಾಡಿ ನೋಡಿಲ್ಲ. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ತಜ್ಞರ ಜಾಲ 2004ರಿಂದ 2018ರವರೆಗಿನ ಪ್ರಕರಣಗಳಲ್ಲಿ 22ನ್ನು ಗಾರ್ಸೀನಿಯಾ ಇರುವ ಪೂರಕಗಳಿಗೆ ಜೋಡಿಸಿದೆ. ಅವುಗಳಲ್ಲಿ ಹಲವು ಇತರ ವಸ್ತುಗಳೊಂದಿಗೆ ಬೆರೆಸಿದ ಮಾತ್ರೆಗಳು, ಬಾಧೆಗೊಳಗಾದವರಲ್ಲಿ ಅನೇಕರಿಗೆ ಒಂದು ನಿರ್ದಿಷ್ಟ ಆನುವಂಶಿಕ ಗುಣವಿತ್ತು. ಕೋಟಿಗಟ್ಟಲೆ ಮಾತ್ರೆಗಳ ಮುಂದೆ ಈ ಸಂಖ್ಯೆ ಚಿಕ್ಕದೇ. ಆದರೆ ಲಾಭ ಸೊನ್ನೆಯಾದಲ್ಲಿ ಅಪಾಯ ಚಿಕ್ಕದೆನ್ನುವುದು ಸಮಾಧಾನವಲ್ಲ.

ಇಲ್ಲಿ ಇನ್ನೂ ಹರಿತವಾದ ಪ್ರಶ್ನೆಯೊಂದು ಏಳುತ್ತದೆ. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಆಟಿ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ನಂಬಿ ಕೊಡಗಿನ ಮನೆಮನೆಗಳಲ್ಲಿ ಅದರ ರಸದಿಂದ ಮದ್ದುಪುಟ್ಟು, ಮದ್ದುಪಾಯಸ ಮಾಡುತ್ತಾರೆ. ಬಾಟಲಿಯನ್ನು ಶಂಕಿಸುವವರು ಇದನ್ನೇಕೆ ಶಂಕಿಸುವುದಿಲ್ಲ? ಪ್ರಾಮಾಣಿಕವಾದ ಉತ್ತರ ಒಂದೇ: ಅಳತೆಗೋಲು ಎರಡಕ್ಕೂ ಸಮ. ಆ ಒಂದೇ ದಿನ ಹದಿನೆಂಟು ಔಷಧ ಕೂಡುತ್ತವೆ ಎಂಬುದನ್ನು ವೈದ್ಯಕೀಯ ಸತ್ಯವೆಂದು ಹೇಳಿದರೆ ಅದಕ್ಕೂ ಪರೀಕ್ಷೆ ಬೇಕು. ಸೊಪ್ಪು ತಿಂದ ಮೇಲೆ ಮೂತ್ರದ ಬಣ್ಣ ಕೆಂಪಾಗುವುದು ಬಣ್ಣ ಮೈಯೊಳಗೆ ಹಾದುಹೋದದ್ದಕ್ಕೆ ಗುರುತು, ರೋಗ ಹೋದದ್ದಕ್ಕಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಕಕ್ಕಡದ ಮದ್ದು ಋತುವನ್ನೂ ಮನೆಯನ್ನೂ ಹಿರಿಯರನ್ನೂ ನೆನೆಯುವ ಆಚರಣೆ, ಪುಟ್ಟು ತಿಂದವನಿಗೆ ಅದರ ಅರ್ಥ ಆ ಊಟದಲ್ಲೇ ಸಿಕ್ಕಿರುತ್ತದೆ. ತೂಕದ ಮಾತ್ರೆಗೆ ಅದು ಕೊಟ್ಟ ಭರವಸೆಯ ಹೊರತು ಬೇರೆ ಅರ್ಥವಿಲ್ಲ. ಭರವಸೆ ಹುಸಿಯಾದರೆ ಉಳಿಯುವುದು ಏನೂ ಇಲ್ಲ.

ಸಂಶಯಾತ್ಮನು ಕೆಡುತ್ತಾನೆ ಎಂದು ಗೀತೆಯ ನಾಲ್ಕನೆಯ ಅಧ್ಯಾಯ ಎಚ್ಚರಿಸುವುದನ್ನು ಕೆಲವರು ನೆನಪಿಸಬಹುದು. ಅದೇ ಅಧ್ಯಾಯ ಅದಕ್ಕೂ ಮೊದಲು ತಿಳಿದವರನ್ನು ವಿನಯದಿಂದಲೂ ಸೇವೆಯಿಂದಲೂ ಕೂಡಿ ಮತ್ತೆ ಮತ್ತೆ ಪ್ರಶ್ನಿಸಿ ಅರಿಯಬೇಕೆಂದು ಹೇಳುತ್ತದೆ. ಕೆಡುವವನು ಪ್ರಶ್ನಿಸುವವನಲ್ಲ, ಉತ್ತರ ಸಿಕ್ಕಿದ ಮೇಲೂ ಎಲ್ಲಿಯೂ ನೆಲೆನಿಲ್ಲಲಾರದವನು. ನ್ಯಾಯಸೂತ್ರವಂತೂ ತಿಳಿಯಬೇಕಾದ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನ ಕೊಟ್ಟಿದೆ. ವಿಚಾರ ಶುರುವಾಗುವುದೇ ಅಲ್ಲಿಂದ.

ಕೊನೆಯ ಆಕ್ಷೇಪ ಕರುಣೆಯದು: ನಂಬಿಕೆಯಿಂದ ಒಬ್ಬನಿಗೆ ಉತ್ಸಾಹ ಬರುವುದಾದರೆ ಅದನ್ನೇಕೆ ಕಸಿಯಬೇಕು? ಯಾಕೆಂದರೆ ಆ ಉತ್ಸಾಹಕ್ಕೆ ತೆತ್ತ ಬೆಲೆ ಹಣವಷ್ಟೇ ಅಲ್ಲ. ಮಾತ್ರೆ ಸೋತಾಗ ಮಾತ್ರೆಯನ್ನು ದೂರುವವರು ಕಡಿಮೆ. ತಾನು ಸರಿಯಾಗಿ ಪಾಲಿಸಲಿಲ್ಲ, ತನ್ನ ಮೈಯೇ ಸರಿಯಿಲ್ಲ ಎಂದು ಕೊರಗುವವರೇ ಹೆಚ್ಚು. ಗೆದ್ದಾಗಲೂ ತನ್ನ ಶ್ರಮದ ಯಶಸ್ಸನ್ನು ಬಾಟಲಿಗೆ ಒಪ್ಪಿಸುತ್ತಾರೆ. ಹೀಗೆ ಎರಡೂ ಕಡೆಯಿಂದ ಮನುಷ್ಯ ತನ್ನ ಸಾಮರ್ಥ್ಯದ ಅರಿವನ್ನೇ ಕಳೆದುಕೊಳ್ಳುತ್ತಾನೆ. ಇದಕ್ಕಿಂತ ದೊಡ್ಡ ನಷ್ಟವನ್ನು ನಾನು ಕಾಣೆ.

ಯಾರನ್ನು ನಂಬಬೇಕೆಂದು ಕೇಳುವಾಗ, ನಮ್ಮನ್ನು ನಂಬುವವರೂ ಇದ್ದಾರೆಂಬುದನ್ನು ಮರೆಯುತ್ತೇವೆ. ತಮ್ಮನಿಗೆ, ಮಗಳಿಗೆ, ಜಿಮ್ಮಿನ ಗೆಳೆಯನಿಗೆ ‘ಇದನ್ನು ತಗೋ, ಒಳ್ಳೆಯದು’ ಎಂದ ಕೂಡಲೇ ನಾವು ಆಪ್ತನ ಪೀಠದಲ್ಲಿ ಕೂರುತ್ತೇವೆ, ವಾತ್ಸ್ಯಾಯನನ ಎರಡು ಷರತ್ತುಗಳೂ ನಮಗೆ ಅನ್ವಯವಾಗುತ್ತವೆ. ಕಾಚಂಪುಳಿಯ ವಿಷಯದಲ್ಲಿ ಈ ಹೊಣೆ ಕೊಡಗಿಗೆ ಇನ್ನಷ್ಟು ಹೆಚ್ಚು. ‘ಇದು ನಮ್ಮ ಹಣ್ಣು’ ಎಂಬ ಅಭಿಮಾನ ನಮ್ಮದಾದ್ದರಿಂದ ಕೊಡಗಿನವರ ಮಾತಿಗೆ ತೂಕ ಬರುತ್ತದೆ. ಆ ತೂಕವನ್ನು ಪ್ರವಾಸಿಗರಿಗೆ ಹುಸಿ ಆಸೆ ಮಾರಲು ಬಳಸಬಾರದು. ಇದು ಒಳ್ಳೆಯ ಹುಳಿ, ಅಡುಗೆಗೆ ಹಾಕಿಕೊಳ್ಳಿ, ತೆಳ್ಳಗಾಗಲು ಅಲ್ಲ ಎಂದು ಹೇಳುವ ಅಂಗಡಿಯವನು ಒಂದು ವ್ಯಾಪಾರ ಕಳೆದುಕೊಳ್ಳಬಹುದು. ಆದರೆ ತನಗೆ ನಷ್ಟವಾಗುವ ಸತ್ಯವನ್ನು ಹೇಳಬಲ್ಲವನ ಮಾತೇ ಆಪ್ತವಾಕ್ಯ.