ಮನೆತನದ ಗುಟ್ಟೋ, ಬಂಧುಗಳ ಹಕ್ಕೋ?

ಮೂವತ್ತು ದಾಟದ ಯುವಕನೊಬ್ಬ ಆಟದ ಮೈದಾನದಲ್ಲಿ ಕುಸಿದು ಅಲ್ಲಾಹನ ಕಡೆಗೆ ಮರಳಿದನೆಂದು ಭಾವಿಸಿರಿ. ಮಯ್ಯಿತ್ತಿನ ಮನೆಯಲ್ಲಿ ನೀವು ಏನು ಕೇಳುವಿರಿ? ಕಣ್ಣು ತಾಗಿತೆಂದು ಒಬ್ಬರು, ಸೊಸೆಯ ಕಾಲ್ಗುಣವೆಂದು ಇನ್ನೊಬ್ಬರು. (ಅಪಶಕುನದ ನಂಬಿಕೆಯನ್ನು ಪ್ರವಾದಿವರ್ಯರು(ಸ) ನಿರಾಕರಿಸಿದ್ದರೂ ನಮ್ಮ ಮನೆಗಳಿಂದ ಅದು ಇನ್ನೂ ಹೊರಗೆ ಹೋಗಿಲ್ಲ.) ಅವನ ಚಿಕ್ಕಪ್ಪನೂ ಇದೇ ಪ್ರಾಯದಲ್ಲಿ ಹೀಗೆಯೇ ತೀರಿಕೊಂಡದ್ದನ್ನು ಯಾರೂ ನೆನಪಿಸುವುದಿಲ್ಲ.

ಹೃದಯದ ಸ್ನಾಯು ದಪ್ಪಗಾಗುವ ಒಂದು ವಂಶಪಾರಂಪರ್ಯ ರೋಗವಿದೆ. ವೈದ್ಯರು ಅದನ್ನು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. 1958ರಲ್ಲಿ ಲಂಡನಿನ ಡಾ. ಡೊನಾಲ್ಡ್ ಟಿಯರ್ ಇದನ್ನು ವಿವರಿಸಿದ್ದರು. ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆ ಉಬ್ಬಿ, ಅನೇಕರಲ್ಲಿ ರಕ್ತವು ದೇಹಕ್ಕೆ ಹೊರಡುವ ದಾರಿಯೇ ಇಕ್ಕಟ್ಟಾಗುತ್ತದೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ತಂದೆ ಅಥವಾ ತಾಯಿಯಲ್ಲಿ ಇದರ ದೋಷವಿದ್ದರೆ, ಸಾಮಾನ್ಯವಾಗಿ ಪ್ರತಿಯೊಂದು ಮಗುವಿಗೂ ಅದು ದಾಟುವ ಸಂಭವ ಅರ್ಧದಷ್ಟು. ಗಂಡಾಗಲಿ ಹೆಣ್ಣಾಗಲಿ ವ್ಯತ್ಯಾಸವಿಲ್ಲ. ಹೃದಯಸ್ನಾಯುವಿನ ರೋಗಕ್ಕೆ ಸಂಬಂಧಿಸಿದ ಇನ್ನೊಂದು ಜೀನ್ ದೋಷವು ನಮ್ಮ ಉಪಖಂಡದ ಸುಮಾರು ಶೇಕಡಾ 4ರಷ್ಟು ಜನರಲ್ಲಿದೆಯೆಂದು 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಎಲ್ಲರೂ ರೋಗಿಗಳಾಗುವುದಿಲ್ಲ. ಆದರೆ ತಂದೆ ತಾಯಿ ಇಬ್ಬರಿಂದಲೂ ಅದು ಬಂದ ಮಕ್ಕಳಲ್ಲಿ ರೋಗವು ಎಳೆಯ ಪ್ರಾಯದಲ್ಲೇ ಉಗ್ರವಾಗಿ ಕಂಡದ್ದುಂಟು. ಸೋದರಸಂಬಂಧದ ಮದುವೆಗಳು ನಡೆಯುವ ಮನೆತನಗಳು ಇದನ್ನು ಅರಿತಿರಬೇಕು.

ಒಬ್ಬರಲ್ಲಿ ರೋಗ ಕಂಡರೆ ಒಡಹುಟ್ಟಿದವರೂ ಮಕ್ಕಳೂ ಇಸಿಜಿ, ಎಕೋ ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಹಾಗೆ ಹೇಳಿಸಿಕೊಂಡು ಮನೆಗೆ ಬಂದವರೋ, ರಿಪೋರ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. “ಹೆಣ್ಣುಮಕ್ಕಳ ಮದುವೆಯಾಗಬೇಡವೇ?”

ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇನ್ನೊಬ್ಬರ ಕುಂದನ್ನು ಮುಚ್ಚಿಡಬೇಕೆಂಬುದು ಇಸ್ಲಾಮಿನ ಬೋಧನೆಯೇ ಹೌದು. ಆದರೆ ಮುಚ್ಚಿಡಲು ರೋಗವೇನು ಪಾಪವೇ? ತಮ್ಮನ ಎದೆಯಲ್ಲೂ ಅದೇ ಇರಬಹುದೆಂದು ತಿಳಿದಿದ್ದು ಸುಮ್ಮನಿದ್ದರೆ, ನೀವು ಮುಚ್ಚಿದ್ದು ನಿಮ್ಮ ಗುಟ್ಟನ್ನಲ್ಲ, ಅವನ ಅಮಾನತ್ತನ್ನು. ಎರಡು ವಿವಾಹ ಪ್ರಸ್ತಾಪಗಳ ಬಗ್ಗೆ ಫಾತಿಮಾ ಬಿಂತ್ ಕೈಸ್(ರ) ಸಲಹೆ ಕೇಳಿದಾಗ ಪ್ರವಾದಿವರ್ಯರು(ಸ) ಆ ಇಬ್ಬರ ಕೊರತೆಗಳನ್ನೂ ನೇರವಾಗಿ ತಿಳಿಸಿದ್ದರು. ಸಂತೆಯಲ್ಲಿ ಒದ್ದೆ ಧಾನ್ಯವನ್ನು ಒಣಗಿದ್ದರ ಅಡಿಯಲ್ಲಿಟ್ಟವನನ್ನೂ ಅವರು ಸುಮ್ಮನೆ ಬಿಡಲಿಲ್ಲ. ನಿಕಾಹ್ ಆ ವ್ಯಾಪಾರಕ್ಕಿಂತ ಕಡಿಮೆಯದೇ? ಹಾಗೆಂದು ಊರಿಗೆಲ್ಲ ಸಾರಬೇಕಾಗಿಲ್ಲ. ರಕ್ತಸಂಬಂಧಿಗಳಿಗೆ, ಸಂಬಂಧ ಕುದುರುವ ಮುನ್ನ ಎದುರು ಮನೆಯ ಹಿರಿಯರಿಗೆ, ಇಷ್ಟೇ ಸಾಕು.

“ಎಲ್ಲ ತಕ್ದೀರ್, ಪರೀಕ್ಷೆ ಯಾಕೆ?” ಎನ್ನುವವರು ಹ. ಉಮರ್‌(ರ)ರನ್ನು ನೆನೆಯಲಿ. ಸಿರಿಯಾದಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು ಅವರು ದಾರಿಯಿಂದಲೇ ಹಿಂದಿರುಗಿದರು; ಇದು ವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಹಿಂದಿರುಗುವುದೂ ಅಲ್ಲಾಹನ ವಿಧಿಯೇ ಎಂದು ತಿಳಿಹೇಳಿದರು. ಈ ರೋಗಕ್ಕೆ ಮಾತ್ರೆಗಳಿವೆ, ಶಸ್ತ್ರಕ್ರಿಯೆ ಇದೆ, ಅಪಾಯ ಹೆಚ್ಚಿರುವವರ ಎದೆಯಲ್ಲಿ ಅಳವಡಿಸುವ ಯಂತ್ರವಿದೆ. ರೋಗವಿದ್ದವರಲ್ಲಿ ಹೆಚ್ಚಿನವರು ತುಂಬು ಬಾಳನ್ನೇ ಬಾಳುತ್ತಾರೆ. ಒಮ್ಮೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಮುಂದೆ ಕಾಣಿಸಿಕೊಳ್ಳಬಹುದಾದ್ದರಿಂದ, ಮಕ್ಕಳಿಗೆ ಕೆಲವು ವರ್ಷಗಳಿಗೊಮ್ಮೆ ಪುನಃ ಮಾಡಿಸಬೇಕು.

ಇನ್ನು, ಹೆಣ್ಣು ನೋಡಲು ಹೋದ ತಾಯಂದಿರೇ, ಒಂದು ಮಾತು. ಆ ಮನೆಯವರು ಧೈರ್ಯ ಮಾಡಿ ಇದ್ದದ್ದನ್ನು ಹೇಳಿದರೆ ನೀವು ಚಹಾದ ಲೋಟ ಕೆಳಗಿಟ್ಟು ಎದ್ದು ಬರುವಿರಾ, ಅಥವಾ ವೈದ್ಯರಲ್ಲಿ ಒಟ್ಟಿಗೆ ಹೋಗೋಣವೆನ್ನುವಿರಾ? ಅವರ ಕಪಾಟಿನ ಬೀಗದ ಕೈಯಲ್ಲಿ ಅರ್ಧ ಪಾಲು ನಿಮ್ಮದೂ ಇದೆ.