ಹೆಸರು ಉಳಿದರೆ ಸಾಕೆ?

ಸತ್ತವರ ನೆನಪು ಎಂದರೆ ನಾವು ಉಳಿಸಿಕೊಳ್ಳಬೇಕಾದದ್ದು ಅವರ ಹೆಸರನ್ನೋ, ಅವರು ಸತ್ತ ಕಾರಣವನ್ನೋ? ಎರಡನ್ನೂ ಎನ್ನುವುದು ಸುಲಭದ ಉತ್ತರ. ಆದರೆ ನಾನು ನೋಡಿದ ಸ್ಮಾರಕಗಳಲ್ಲಿ ಸಾಮಾನ್ಯವಾಗಿ ಒಂದಿದ್ದರೆ ಇನ್ನೊಂದಿಲ್ಲ.

ಹಾವೇರಿಯ ಪುರಸಿದ್ಧೇಶ್ವರ ದೇವಸ್ಥಾನದ ಆವರಣದಲ್ಲಿ ವೀರಗಲ್ಲುಗಳಿವೆ. ವೀರಗಲ್ಲಿನ ರೀತಿ ಎಲ್ಲರಿಗೂ ಗೊತ್ತು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಬರಹವಿಲ್ಲ, ಇದ್ದರೂ ಸವೆದಿದೆ. ಆದರೂ ತುರುಗೊಳ್ ಕಲ್ಲಿನಲ್ಲಿ ಸಾಲುಗಟ್ಟಿದ ಹಸುಗಳನ್ನು ಕಂಡರೆ ಅವನು ಯಾತಕ್ಕೆ ಸತ್ತನೆಂದು ಓದು ಬಾರದವರಿಗೂ ತಿಳಿಯುತ್ತದೆ. ಹೆಸರು ಅಳಿದರೂ ಕಾರಣ ನಿಂತಿದೆ.

ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಸಿಗುತ್ತದೆ. 1911ರಲ್ಲಿ ಅಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷ್ ಸರ್ಕಾರದ ಕಂದಾಯ ವಸೂಲಿ ಕೇಂದ್ರದ ಮೇಲಿನ ದಾಳಿಯಲ್ಲಿ, ಅವರು ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಕೂಡ. ಈ ಬಲಿದಾನಕ್ಕೆ ಹಾವೇರಿಯಲ್ಲಿ ವೀರಸೌಧವಿದೆ. 2018ರಲ್ಲಿ ಮಹಾದೇವಪ್ಪನವರ ಅಂಚೆಚೀಟಿ ಬಂತು. ಹಾವೇರಿ ರೈಲು ನಿಲ್ದಾಣಕ್ಕೂ ಈಗ ಅವರದೇ ಹೆಸರು. ಉಳಿದಿಬ್ಬರು ನಮ್ಮ ಮಾತಿನಲ್ಲಿ ಬರೀ ‘ಸಂಗಡಿಗರು’. ಅಂಚೆಚೀಟಿಯಾಗಲಿ ನಿಲ್ದಾಣದ ಹೆಸರಾಗಲಿ ಕಂದಾಯದ ಮಾತನ್ನು ನೆನಪಿಸುವುದಿಲ್ಲ.

ಇದರಿಂದ ನಷ್ಟವೇನು? ಹೆಸರಿಗೆ ಹಾರ ಹಾಕುವುದು ಯಾವ ಸರ್ಕಾರಕ್ಕೂ ಕಷ್ಟವಲ್ಲ. ಕಾರಣ ನೆನಪಾದರೆ ಮಾತ್ರ ಪ್ರಶ್ನೆ ಏಳುತ್ತದೆ. 2008ರ ಜೂನ್‌ನಲ್ಲಿ ಇದೇ ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ತುರು, ಕಂದಾಯ, ಗೊಬ್ಬರ: ಮೂರೂ ಒಕ್ಕಲು ಬದುಕಿನ ಮಾತುಗಳೇ. 1943ರ ಗುಂಡು ಪರಕೀಯ ಸರ್ಕಾರದ್ದು, 2008ರದು ನಾವೇ ಆರಿಸಿದ ಸರ್ಕಾರದ್ದು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಂದು ನಾನು ಹೇಳುತ್ತಿಲ್ಲ. ಸ್ವಾತಂತ್ರ್ಯಕ್ಕೆಂದು ತಿಳಿದೇ ಪ್ರಾಣ ಕೊಡುವುದು ಬೇರೆ; ಬಿತ್ತನೆಯ ಹೊತ್ತಿಗೆ ಗೊಬ್ಬರ ಕೇಳಲು ಹೋದವರು ಮನೆಗೆ ಮರಳದಿರುವುದು ಬೇರೆ. ಆದರೆ ಮೊದಲನೆಯ ಸಾವನ್ನು ಕಾರಣಸಹಿತ ನೆನೆಯುವ ಊರು ಎರಡನೆಯದರ ಮುಂದೆ ಸುಮ್ಮನಿರಲಾರದು. ಬರೀ ಹೆಸರನ್ನು ನೆನೆಯುವ ಊರು ಸುಮ್ಮನಿರಬಲ್ಲದು. ವೀರಗಲ್ಲು ಕೆತ್ತಿದವನು ಹಸುಗಳನ್ನು ಬಿಡದೆ ಕೆತ್ತಿದ. ನಮ್ಮ ಸ್ಮಾರಕಗಳಲ್ಲಿ ನಾವು ಬಿಟ್ಟಿರುವುದು ಆ ಹಸುಗಳನ್ನೇ.